ಡ್ರಮ್ಸ್: ಸುಹಾಸ (ಹಲ್ಲಿ)

ಹೋದ ಭಾನುವಾರ ಸಂಜೆ ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನಾನು ಒಂದು ಖಾಲಿ ಸ್ಟೂಲಿಗೆ ಚಪ್ಪಾಳೆ ತಟ್ಟಿ ಬಂದೆ.

ತಮಾಷೆಗೆ ಹೇಳುತ್ತಿಲ್ಲ. ಹಳೆಯ ಬಂಗಲೆಗಳ ಸಾಲಿನಲ್ಲಿರುವ ಸಣ್ಣ ಹಾಲ್. ವೇದಿಕೆಯ ಮೇಲೆ ಗಿಟಾರ್ ಹಿಡಿದು ಮಾಂತೇಶ, ಬಾಸ್ ಹಿಡಿದು ಆಲ್ವಿನ್. ಇಬ್ಬರಿಗೂ ನಲವತ್ತು ದಾಟಿದೆ, ಇಬ್ಬರಿಗೂ ಹೊಟ್ಟೆ ಬಂದಿದೆ. ಹಿಂದೆ ಡ್ರಮ್ಸ್ ಇರಬೇಕಾದ ಜಾಗದಲ್ಲಿ ಒಂದು ಸ್ಟೂಲ್, ಅದರ ಮೇಲೆ ಒಂದು ಜೊತೆ ಡ್ರಮ್ ಕಡ್ಡಿ. ಡ್ರಮ್ಸಿನ ಸದ್ದು ಲ್ಯಾಪ್‌ಟಾಪಿನಿಂದ ಬರುತ್ತಿತ್ತು. ಕೊನೆಯಲ್ಲಿ ಮಾಂತೇಶ ಸ್ಟೂಲಿನ ಕಡೆ ಕೈ ತೋರಿಸಿ, "ಡ್ರಮ್ಸ್ ಮ್ಯಾಲೆ ನಮ್ಮ ಸುಹಾಸ" ಅಂದ.

ನಾವೆಲ್ಲ ತಟ್ಟಿದೆವು. ಸ್ಟೂಲ್ ಏನೂ ಅನ್ನಲಿಲ್ಲ.

ಬೆಳಗಾವಿಯಲ್ಲಿ ಕಾಲೇಜು ಓದಿ ಈಗ ನಲವತ್ತು ದಾಟಿದ ಓದುಗರಿಗೆ 'ಸೆಕೆಂಡ್ ಗೇಟ್' ಎಂಬ ಬ್ಯಾಂಡ್ ನೆನಪಿರಬಹುದು. ಮಾಂತೇಶ ಕಾಲೇಜಿಗೆ ಹೊರಟಾಗೆಲ್ಲ ಊರಿನ ಎರಡನೇ ರೈಲ್ವೆ ಗೇಟ್ ಮುಚ್ಚಿರುತ್ತಿತ್ತಂತೆ. ಆ ಸಿಟ್ಟಿಗೆ ಬ್ಯಾಂಡಿಗೆ ಅದೇ ಹೆಸರು. ಅವರು ನುಡಿಸುತ್ತಿದ್ದದ್ದು ಪಾಪ್ ಪಂಕ್. ಗೊತ್ತಿಲ್ಲದವರಿಗೆ ಹೇಳುವುದಾದರೆ: ಗಿಟಾರಿನಲ್ಲಿ ಮೂರೇ ಸ್ವರಗುಚ್ಛ, ಓಡುವ ಡ್ರಮ್ಸು, ಕೈಕೊಟ್ಟ ಹುಡುಗಿ, ಬೈಯುವ ಅಪ್ಪ, ಊರು ಬಿಟ್ಟು ಹೋಗುತ್ತೇನೆ ಎಂಬ ಬೆದರಿಕೆ. (ಯಾರೂ ಊರು ಬಿಡಲಿಲ್ಲ. ಮಾಂತೇಶ ಊರಿನ ಖಾಸಬಾಗ ಬಡಾವಣೆಯಲ್ಲಿ ಮನೆತನದ ಸೀರೆ ಅಂಗಡಿ ನಡೆಸುತ್ತಾನೆ.)

ನಾನೂ ಅದೇ ಖಾಸಬಾಗದ ಓಣಿಯವನು. ಬ್ಯಾಂಡಿನ ಮೊದಲ ಆಲ್ಬಮ್ ಬಂದಾಗ ಹೊಸ ವರದಿಗಾರನಾಗಿದ್ದೆ, ಒಂದು ಕಾಲಮ್ಮಿನ ಸುದ್ದಿ ಬರೆದಿದ್ದೆ. ಮೊದಲ ಆಲ್ಬಮ್ ಪೂರ್ತಿ ಇಂಗ್ಲಿಷ್. ಎರಡನೆಯದು ಕನ್ನಡ, ಮರಾಠಿ ಕಲಸಿದ್ದು. ಆಮೇಲೆ ಬ್ಯಾಂಡ್ ನಿಂತಿತು. ಜಗಳ? ಇಲ್ಲ. ಜಗಳವಾಗಿದ್ದರೆ ಅದಕ್ಕೂ ಒಂದು ಕಾಲಮ್ ಸಿಗುತ್ತಿತ್ತು. ಮದುವೆಗಳಾದವು, ಅಂಗಡಿಗಳಾದವು, ಫೋನುಗಳು ಕಡಿಮೆಯಾದವು. ಅಷ್ಟೇ.

ಈಗ ಇಷ್ಟು ವರ್ಷಗಳ ನಂತರ ಮೂರನೆಯ ಆಲ್ಬಮ್. ಹೆಸರು 'ಹಲ್ಲಿ'.

ಕಾರ್ಯಕ್ರಮ ಮುಗಿದ ಮೇಲೆ ಮಾಂತೇಶ ನನ್ನ ಕೈಗೆ ಸಿ.ಡಿ. ಕೊಟ್ಟ. (ಹಾಕಿ ಕೇಳಲು ಯಂತ್ರ ಯಾರ ಮನೆಯಲ್ಲಿದೆ ಎಂದು ಕೇಳಬೇಡಿ. ಹಾಡುಗಳು ಫೋನಿನಲ್ಲೂ ಸಿಗುತ್ತವೆ. ಕೈಯಲ್ಲಿ ಹಿಡಿಯಲು ಏನಾದರೂ ಬೇಕಲ್ಲ ಎಂದು ಮಾಡಿಸಿದ್ದು.) ಮುಖಪುಟದಲ್ಲಿ ಕೆಂಪು ಹೆಂಚು. ಹೆಂಚಿನ ಮೇಲೆ ಒಂದು ದಪ್ಪ ಹಲ್ಲಿ, ಎರಡೂ ಮುಂಗಾಲಲ್ಲಿ ಡ್ರಮ್ ಕಡ್ಡಿ. ಹಿಂಬದಿಯಲ್ಲಿ ಹೆಸರುಗಳು. ಕೊನೆಯ ಸಾಲು: ಡ್ರಮ್ಸ್: ಸುಹಾಸ (ಹಲ್ಲಿ).

'ಹಲ್ಲಿ' ಎಂಬ ಹಾಡಿಗೆ ಮಾತ್ರ ಡ್ರಮ್ಸ್ ಸುಹಾಸನದು, ಉಳಿದದ್ದೆಲ್ಲ ಕಂಪ್ಯೂಟರಿನದು ಎಂದು ಅದರ ಅರ್ಥ. ನಮ್ಮ ಡೆಸ್ಕಿಗೆ ಈ ಸಾಲು ಬಂದಿದ್ದರೆ ಒಬ್ಬರಾದರೂ ತಡೆಯುತ್ತಿದ್ದರು. ಓದಿದವರಿಗೆ ಅದು ಅಡ್ಡಹೆಸರಿನ ಹಾಗೆ ಕೇಳುತ್ತದೆ.

ಸುಹಾಸ ಬರುತ್ತಾನೆ, ತನ್ನ ಡ್ರಮ್ ಸೆಟ್ ತಾನೇ ತರುತ್ತಾನೆ ಎಂದು ಮಾಂತೇಶ ಬಾಡಿಗೆಗೂ ಸೆಟ್ ಹೇಳಿರಲಿಲ್ಲವಂತೆ. ಫೋನ್ ಮಾಡಿದರೆ ಎತ್ತಲಿಲ್ಲ. ನಾನು ಬುಧವಾರ ರಸ್ತೆ ಕಾಮಗಾರಿಯ ವರದಿಗೆ ಸುಹಾಸನ ಊರು ಖಾನಾಪುರಕ್ಕೆ ಹೋಗುವವನಿದ್ದೆ. ಅದು ತಿಳಿದು ಮಾಂತೇಶ ಇನ್ನೊಂದು ಸಿ.ಡಿ. ತಂದು ಕೊಟ್ಟ.

"ಅಣ್ಣಾ, ಇದೊಂದು ಅವನ ಕೈಯಾಗ ಕೊಡ್ರಿ. ಯಾಕ ಬರ್ಲಿಲ್ಲ ಅಂತ ಕೇಳಬ್ಯಾಡ್ರಿ. ಸುಮ್ನ ಕೊಟ್ಟು ಬರ್ರಿ."

ವರದಿಗಾರನಿಗೆ 'ಕೇಳಬೇಡ' ಅಂದರೆ ಏನು ಉಳಿಯುತ್ತದೆ?

ಖಾನಾಪುರದಲ್ಲಿ ಸುಹಾಸನ ಮನೆತನದ್ದು ಹೆಂಚಿನ ಕಾರ್ಖಾನೆ. ಈಗ ಭಟ್ಟಿ ಆರಿದೆ. ಅದೇ ಜಾಗದ ಮುಂದೆ ಸಿಮೆಂಟು, ಪೈಪು, ನಲ್ಲಿಗಳ ಅಂಗಡಿ ಇಟ್ಟಿದ್ದಾನೆ. ಹಿಂದಿನ ಶೆಡ್ ಇನ್ನೂ ನಿಂತಿದೆ. ಒಂದು ಕಾಲದಲ್ಲಿ ಬ್ಯಾಂಡಿನವರ ತಾಲೀಮು ಅಲ್ಲೇ. ಶನಿವಾರ ಮಧ್ಯಾಹ್ನ ರೈಲು ಹತ್ತಿ ಬರುತ್ತಿದ್ದರು, ಸುಹಾಸನ ತಾಯಿ ಮಾಡಿದ ಭಾಕರಿ, ಪಿಠಲ ತಿಂದು ರಾತ್ರಿ ಮರಳುತ್ತಿದ್ದರು. ಕೆಲವು ಸಲ ನಾನೂ ಹೋಗಿದ್ದೆ.

ಆ ಶೆಡ್ಡಿನ ಗೋಡೆಯಲ್ಲಿ ಒಂದು ಹಲ್ಲಿ ಇತ್ತು. ಹಾಡು ಮುಗಿದು ಕಿವಿ ಗುಂಯ್ ಎನ್ನುವ ಹೊತ್ತಿಗೆ ಸರಿಯಾಗಿ ಲೊಚಗುಟ್ಟುತ್ತಿತ್ತು. ಮಾಂತೇಶ ನೆಲಕ್ಕೆ ಬೆರಳು ಕುಟ್ಟಿ "ಖರೇ ಐತಿ ನೋಡ್ರಲೇ" ಅನ್ನುತ್ತಿದ್ದ. ನಮ್ಮಲ್ಲಿ ಹಲ್ಲಿ ನುಡಿದರೆ ಆಡಿದ ಮಾತಿಗೆ ಸಾಕ್ಷಿ. ಸುಹಾಸನ ತಾಯಿ ಮಾತ್ರ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸುತ್ತಿದ್ದರು. ಮರಾಠಿಯಲ್ಲಿ ಹಲ್ಲಿಗೆ 'ಪಾಲ್' ಅನ್ನುತ್ತಾರೆ. ಮನಸ್ಸಿನಲ್ಲಿ ಪಾಲ್ ಲೊಚಗುಟ್ಟಿತು ಅಂದರೆ ಆ ಭಾಷೆಯಲ್ಲಿ ಅನುಮಾನ ಹುಟ್ಟಿತು ಎಂದರ್ಥ.

ಒಂದೇ ಸದ್ದು. ಒಂದು ಮನೆಯಲ್ಲಿ ಸಾಕ್ಷಿ, ಇನ್ನೊಂದು ಮನೆಯಲ್ಲಿ ಸಂಶಯ. ಆಗ ನಾವೆಲ್ಲ ನಕ್ಕಿದ್ದೆವು.

ಬುಧವಾರ ಸುಹಾಸ ನನ್ನನ್ನು ಚೆನ್ನಾಗಿಯೇ ಬರಮಾಡಿಕೊಂಡ. ಕುರ್ಚಿ ಒರೆಸಿದ, ಚಹಾ ಹೇಳಿದ. ಸಿ.ಡಿ. ಕೊಟ್ಟೆ. ತಿರುಗಿಸಿ ಹಿಂಬದಿ ನೋಡಿ, ಪೈಪಿನ ಪೆಟ್ಟಿಗೆಯ ಮೇಲೆ ಮಗುಚಿ ಇಟ್ಟ. ಹಲ್ಲಿ ಕೆಳಗಾಯಿತು.

"ನೋಡೇನಿ ದಾದಾ. ಶನಿವಾರನ ಫೋನಿನ್ಯಾಗ ಬಂದಿತ್ತು."

ನಾನು ರಸ್ತೆಯ ವಿಷಯ ತೆಗೆದೆ. ಅವನು ಸಿಮೆಂಟಿನ ವಿಷಯ ತೆಗೆದ. ಅಷ್ಟರಲ್ಲಿ ಅವನ ಹೆಂಡತಿ ವೈಶಾಲಿ ಚಹಾ ತಂದರು. ಸಿ.ಡಿ. ಎತ್ತಿ ನೋಡಿದರು, ಗಂಡನನ್ನು ನೋಡಿದರು.

"ಇವರ ಮಾರಿ ಹಿಂಗ ಐತೇನ್ರಿ ಸರ?" ಅಂದರು. "ನಾ ಇಷ್ಟು ವರ್ಷ ನೋಡಾಕತ್ತೇನಿ, ನನಗ ಬಾಲ ಕಂಡಿಲ್ಲ."

ಸುಹಾಸ ನಗಲಿಲ್ಲ. ಅವರೂ ಆಮೇಲೆ ನಗಲಿಲ್ಲ. ಅಲ್ಲಿಂದ ಮಾತು ಬಿಚ್ಚಿಕೊಂಡಿತು.

ನಡೆದದ್ದು ಇಷ್ಟು. ಕೆಲವು ತಿಂಗಳ ಹಿಂದೆ ಮಾಂತೇಶ ಫೋನ್ ಮಾಡಿ, ಹೊಸ ಆಲ್ಬಮ್ ಮಾಡೋಣ, ಏನಾದರೂ ಕಳಿಸು ಅಂದಿದ್ದ. ಸುಹಾಸ ನೋಡೂಣು ಅಂದಿದ್ದ. ಆಮೇಲೆ ಒಂದು ಮಧ್ಯಾಹ್ನ ಶೆಡ್ಡಿನ ಬೀಗ ತೆಗೆದು, ಡ್ರಮ್ಸಿನ ಮೇಲಿನ ತಾಡಪತ್ರಿ ಸರಿಸಿ, ಫೋನ್ ಎದುರಿಗಿಟ್ಟುಕೊಂಡು ಬಾರಿಸಿದ. ಮೇಲೆ ಒಂದು ರಾಗ ಗುನುಗಿದ. ನಿಧಾನದ ಹಾಡು. ಮಾತಿರಲಿಲ್ಲ, ಮಾತು ಮಾಂತೇಶ ಬರೆಯಲಿ ಎಂದು ಬಿಟ್ಟಿದ್ದ. ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಕಳಿಸಿದ. ಐದೇ ಅಕ್ಷರ, ಅದನ್ನು ಹಳ್ಳಿ ಅಂತಲೂ ಓದಬಹುದು, ಹಲ್ಲಿ ಅಂತಲೂ ಓದಬಹುದು.

ಸುಹಾಸ ಬರೆದದ್ದು ಎರಡೂ ಅಲ್ಲ. 'ಹಲ್ಲೀ'. ಮರಾಠಿಯಲ್ಲಿ ಹಾಗೆಂದರೆ ಇತ್ತೀಚೆಗೆ, ಈಗೀಗ.

"ಹಲ್ಲೀ ದಿಸತ್ ನಾಹೀಸ್" ಎಂಬ ಮಾತು ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಕಿವಿಗೆ ಬೀಳುತ್ತದೆ. ಇತ್ತೀಚೆಗೆ ನೀನು ಕಾಣೋದೇ ಇಲ್ಲವಲ್ಲ ಅಂತ. ಸ್ನೇಹಿತ ಸ್ನೇಹಿತನಿಗೆ ಹೇಳುವ ಮಾತು. ಸುಹಾಸ ಮಾಂತೇಶನಿಗೆ ಕಳಿಸಿದ್ದು ಆ ಮಾತಿನ ಮೊದಲ ಪದ. ಉಳಿದದ್ದು ಅವನಿಗೆ ತಿಳಿಯುತ್ತದೆ ಎಂದುಕೊಂಡಿದ್ದ.

ಮಾಂತೇಶನ ಉತ್ತರ ಬಂತು. ಒಂದು ಹಸಿರು ಹಲ್ಲಿಯ ಚಿತ್ರ, ಪಕ್ಕದಲ್ಲಿ ನಗುವ ಮುಖ.

"ಆಗ್ಲೂ ನಾ ಏನೂ ಅನ್ಕೊಳ್ಳಲಿಲ್ಲ ದಾದಾ. ಏನೋ ಚೇಷ್ಟಾ ಮಾಡಾಕತ್ತಾನ ಅಂದೆ. ಆಮ್ಯಾಲೆ ಹಾಡು ಕಳಿಸಿದ. ನಾ ನಿಧಾನ ಬಾರಿಸಿದ್ನಿ, ಅದನ್ನ ಡಬಲ್ ಸ್ಪೀಡ್ ಮಾಡ್ಯಾನ. ಮ್ಯಾಲೆ ಆ ಪದಾ."

ಆ ಸಾಲುಗಳನ್ನು ನಾನು ಭಾನುವಾರ ಕೇಳಿದ್ದೆ. ಇಡೀ ಹಾಲ್ ಕುಣಿದಿದ್ದ ಹಾಡದು. ಹಲ್ಲಿ ಹಲ್ಲಿ, ಗ್ವಾಡಿ ಮ್ಯಾಲಿನ ಹಲ್ಲಿ, ಬಾಲಾ ಬಿಟ್ಟು ಓಡಿ ಹೋದಿ ಎಲ್ಲಿ?

"ಬಾಲಾ ಬಿಟ್ಟು ಓಡಿದಾಂವ ನಾನೇನ್ರಿ?" ಅಂದ ಸುಹಾಸ. "ನಾ ಇಲ್ಲೇ ಅದೀನಿ. ಹೆಂಚಿನ ಕಾರ್ಖಾನಿ ಮುಚ್ಚಿದಾಗೂ ಇಲ್ಲೇ ಇದ್ದೆ. ಅವ್ವ ಹೋದಾಗೂ ಇಲ್ಲೇ ಇದ್ದೆ. ಅವಾಗ ಅಂವ ಒಂದ್ ಮೆಸೇಜ್ ಹಾಕಿದ್ದ, ಬರ್ಲಿಲ್ಲ."

ನಾನು ಮೆತ್ತಗೆ ಹೇಳಿದೆ: ಅವನಿಗೆ ತಿಳಿದಿಲ್ಲ ಸುಹಾಸ, ಅವನು ಅದನ್ನು ಕನ್ನಡದ ಹಲ್ಲಿ ಅಂತ ಓದಿರಬೇಕು.

ಸುಹಾಸ ತಲೆ ಅಲ್ಲಾಡಿಸಿದ. ಥೇಟ್ ಅವನ ತಾಯಿ ಅಲ್ಲಾಡಿಸುತ್ತಿದ್ದ ಹಾಗೆ.

"ಮಾಂತ್ಯಾಗ ಮರಾಠಿ ಬರೂದಿಲ್ಲ ಅಂತೀರೇನು? ನಮ್ಮವ್ವನ ಕೂಡ ಮರಾಠ್ಯಾಗ ಜಗಳಾ ಮಾಡಿ ಭಾಕರಿ ತಿಂದಾಂವ ಅಂವ."

ಅದೂ ನಿಜ. ಮಾಂತೇಶನಿಗೆ ಮರಾಠಿ ಬರುತ್ತದೆ. ಸುಹಾಸನಿಗೆ ಕನ್ನಡ ಬರುತ್ತದೆ. ತಪ್ಪು ಆಗಿದ್ದೇ ಅದರಿಂದ. ಬೆಂಗಳೂರಿನ ಒಬ್ಬ, ಪುಣೆಯ ಒಬ್ಬ ಆಗಿದ್ದರೆ 'ಇದೇನು ಪದ?' ಎಂದು ಕೇಳಿರುತ್ತಿದ್ದರು. ಇವರು ಕೇಳಲಿಲ್ಲ. ಯಾಕೆ ಕೇಳಬೇಕು? ಗೊತ್ತಿದೆಯಲ್ಲ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯರೊಬ್ಬರು ಹೊಸಬರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದರು. ಗೊತ್ತಿಲ್ಲದ ಹೆಸರು ತಪ್ಪಾಗುವುದಿಲ್ಲ, ಕೇಳಿಕೊಂಡು ಬರೆಯುತ್ತೀರಿ. ಗೊತ್ತಿರುವ ಹೆಸರೇ ತಪ್ಪಾಗುವುದು. ಅದನ್ನೇ ಎರಡು ಸಲ ಕೇಳಿ. ಸುದ್ದಿಮನೆಯ ಈ ನಿಯಮವನ್ನು ನಾವು ಮನೆಗಳಿಗೆ ಯಾಕೆ ಒಯ್ಯುವುದಿಲ್ಲವೋ! ಗಂಡ ಹೆಂಡತಿ, ಅಣ್ಣ ತಮ್ಮ, ಹಳೆಯ ಗೆಳೆಯರು: ನಮಗೆ ಪೂರ್ತಿ ಗೊತ್ತಿರುವವರನ್ನು ನಾವು ಏನನ್ನೂ ಕೇಳುವುದಿಲ್ಲ.

ಹೊರಡುವಾಗ ಶೆಡ್ ನೋಡಬೇಕು ಅಂದೆ. ಸುಹಾಸ ಬೀಗ ತೆಗೆದ. ಒಳಗೆ ಮಡಿಸಿಟ್ಟ ತಾಡಪತ್ರಿ ಇತ್ತು. ಡ್ರಮ್ಸ್ ಇರಲಿಲ್ಲ.

"ಕೊಟ್ಟೆ" ಅಂದ. "ಶನಿವಾರ. ನಂದಗಡದ ಲಗ್ನದ ಬ್ಯಾಂಡಿನವರು ಭಾಳ ದಿನದಿಂದ ಕೇಳ್ತಿದ್ರು. ಮುಖಪುಟ ನೋಡಿದ ತಾಸಿನ್ಯಾಗ ಕರ್ದು ಕೊಟ್ಟೆ. ಅಲ್ಲಿ ಯಾರರ ಲಗ್ನಕ್ಕಾದ್ರೂ ಬರ್ತೈತಿ."

(ಈ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಲೊಚಗುಟ್ಟಲಿಲ್ಲ.)

ಆಮೇಲೆ ಅವನೇ, ಬೀಗ ಹಾಕುತ್ತ, ನನ್ನ ಮುಖ ನೋಡದೆ ಕೇಳಿದ. "ಅಂವಗ ಖರೇನ ತಿಳಿದಿಲ್ಲ ಅಂತೀರಿ?"

ಕೇಳಿ ನೋಡುತ್ತೇನೆ ಅಂದೆ.

"ಹಲ್ಲೀದು ನೀವ ಹೇಳ್ರಿ. ಡ್ರಮ್ಸಿಂದು ಬ್ಯಾಡ. ಅದನ್ನ ನಾನ ಹೇಳ್ತೀನಿ."

ನಂದಗಡ ದೂರವೇನಲ್ಲ. ಬರೆಯುವ ಮುಂಚೆ ಕಣ್ಣಾರೆ ನೋಡುವುದು ಅಭ್ಯಾಸ. ಹೋದೆ. ಬ್ಯಾಂಡಿನವರ ಟೆಂಪೊ ಒಂದು ಮನೆಯ ಮುಂದೆ ನಿಂತಿತ್ತು, ಡ್ರಮ್ಸ್ ಅದರ ಮೇಲೆ ಕಟ್ಟಿದ್ದರು. ದೊಡ್ಡ ಡ್ರಮ್ಮಿನ ಮುಖಕ್ಕೆ ಹೊಸ ಕೆಂಪು ಬಣ್ಣ ಹೊಡೆದು ತಮ್ಮ ಹೆಸರು ಬರೆಸಿದ್ದರು. ಬಣ್ಣ ತೆಳುವಾದ ಕಡೆ 'ಗೇಟ್' ಎಂಬ ಹಳೆಯ ಅಕ್ಷರ ಕಾಣುತ್ತಿತ್ತು. ಭಾನುವಾರ ಸಂಜೆ ಎಲ್ಲಿ ಬಾರಿಸಿದಿರಿ ಎಂದು ಕೇಳಿದೆ. ಊರೊಳಗೇ ಒಂದು ಲಗ್ನದ ಮೆರವಣಿಗೆಯಲ್ಲಿ ಅಂದರು. ನಾವು ಕ್ಯಾಂಪಿನಲ್ಲಿ ಸ್ಟೂಲಿಗೆ ಚಪ್ಪಾಳೆ ತಟ್ಟುತ್ತಿದ್ದ ಹೊತ್ತದು.

ಅಂದೇ ಸಂಜೆ ಖಾಸಬಾಗದಲ್ಲಿ ಮಾಂತೇಶನ ಅಂಗಡಿಗೆ ಹೋದೆ. ಗಿರಾಕಿಗಳು ಬಿಚ್ಚಿಸಿ ಹೋದ ಸೀರೆಗಳನ್ನು ಮಡಿಸುತ್ತ ಕೂತಿದ್ದ. ಹಲ್ಲೀ ಎಂಬ ಪದದ ವಿಷಯ ಹೇಳಿದೆ. ಮಡಿಸುವುದು ನಿಂತಿತು.

ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನಾ ಹಳ್ಳಿಯೋ ಹಲ್ಲಿಯೋ ಅಂತ ಎರಡ ವಿಚಾರ ಮಾಡಿದ್ನಿ ಅಣ್ಣಾ. ಹಳ್ಳಿ ಮ್ಯಾಲೆ ಸುಹ್ಯಾ ಹಾಡು ಮಾಡಾಂವಲ್ಲ. ಹಂಗಾರ ಹಲ್ಲಿ. ನಮ್ಮ ಶೆಡ್ಡಿನ ಹಲ್ಲಿ. ಮರ್ತಿಲ್ಲ ಅಂವ, ಅಂತ ನಾ ಎಷ್ಟ ಖುಷಿ ಪಟ್ನಿ ಗೊತ್ತೇನು? ಮೂರನೇದು ತಲ್ಯಾಗ ಬರ್ಲೇ ಇಲ್ಲ."

ಡಬಲ್ ಸ್ಪೀಡ್ ಯಾಕೆ ಮಾಡಿದೆ ಎಂದು ಕೇಳಿದೆ. ನಿಧಾನ ಬಾರಿಸಿದರೆ ವಯಸ್ಸಾಗಿದೆ ಎಂದು ಜನ ಅಂದುಕೊಳ್ಳುತ್ತಾರೆ ಅಂದ. ಹುಡುಗರ ಸಿಟ್ಟನ್ನು ಈ ವಯಸ್ಸಿನಲ್ಲಿ ಹಾಡುವವರಿಗೆ ಅದೊಂದು ಭಯ ಇರುತ್ತದೆ. ಸುಹಾಸನಿಗೆ ಆ ಭಯ ಇರಲಿಲ್ಲ. ತನ್ನ ವಯಸ್ಸಿಗೆ ತಕ್ಕ ಹಾಡನ್ನು ಮಾಡಿದ್ದವನು ಬ್ಯಾಂಡಿನಲ್ಲಿ ಅವನೊಬ್ಬನೇ.

ಮತ್ತೆ ಆ ಬಾಲದ ಸಾಲು?

"ಎಲ್ಲಿ ಹೋದ್ಯೋ ಮಾರಾಯಾ, ಅಂತ ಕೇಳಿದ್ದು ಅದು. ಇಷ್ಟು ವರ್ಷ ಎಲ್ಲಿದ್ದೀಪಾ ಅಂತ. ಮತ್ತ ಹೆಂಗ ಕೇಳ್ಲಿ? ಸುಮ್ನ ಕೇಳಾಕ ನಾಚಿಕಿ ಬರ್ತೈತಿ, ಅದಕ್ಕ ಚೇಷ್ಟಾದಾಗ ಕೇಳಿದ್ನಿ."

ಗಮನಿಸಿ. ಒಬ್ಬ, ಇತ್ತೀಚೆಗೆ ಕಾಣೋದೇ ಇಲ್ಲವಲ್ಲ ಎಂದು ಮರಾಠಿಯಲ್ಲಿ ಕೇಳಿದ್ದಾನೆ. ಇನ್ನೊಬ್ಬ, ಎಲ್ಲಿ ಹೋದಿ ಎಂದು ಕನ್ನಡದಲ್ಲಿ ಕೇಳಿದ್ದಾನೆ. ಪ್ರಶ್ನೆ ಒಂದೇ. ಒಂದೇ ಹಾಡಿನಲ್ಲಿದೆ. ಒಬ್ಬನ ಡ್ರಮ್ಸು, ಇನ್ನೊಬ್ಬನ ಮಾತು. ಕೇಳಿಸಿಕೊಂಡವರು ಇಬ್ಬರಲ್ಲಿ ಯಾರೂ ಇಲ್ಲ.

ಮಾಂತೇಶ ಫೋನ್ ಮಾಡಿದ. ಕೈ ಸೀರೆಯಲ್ಲಿತ್ತು, ಹಾಗಾಗಿ ಸ್ಪೀಕರಿಗೆ ಹಾಕಿದ. ಈ ಸಲ ಸುಹಾಸ ಎತ್ತಿದ. ಮಾತು ಹೀಗೆ ನಡೆಯಿತು.

"ಎಲ್ಲದಿ?"

"ಅಂಗಡ್ಯಾಗ. ನೀ?"

"ನಾನೂ ಅಂಗಡ್ಯಾಗ. ಅಡ್ಡಮಳಿ ಆತೇನ ಅಲ್ಲೆ?"

"ಆತು. ನಿನ್ನಿ ಹೊಡೀತು."

ಇಬ್ಬರೂ ಉಸಿರು ಬಿಟ್ಟರು. ನಾನು ಕಾದೆ. ಹಲ್ಲಿಯ ಮಾತು ಬರಲಿಲ್ಲ. ಹಲ್ಲೀಯ ಮಾತೂ ಬರಲಿಲ್ಲ.

"ಲೇ ಸುಹ್ಯಾ" ಅಂದ ಮಾಂತೇಶ, "ಮಳಿಗಾಲಕ್ಕಿಂತ ಮೊದ್ಲ ಖಾನಾಪುರದಾಗ ಒಂದ್ ಕಾರ್ಯಕ್ರಮ ಮಾಡೂಣು. ಶೆಡ್ಡಿನ್ಯಾಗ. ನೀ ಎಷ್ಟ ನಿಧಾನ ಬಾರಿಸ್ತಿ ಅಷ್ಟ ನಿಧಾನ ಹಾಡ್ತೀನಿ. ಸೆಟ್ ಹೆಂಗೈತಿ?"

ಮಾಂತೇಶ ಫೋನಿನ ಕಡೆ ಬಾಗಿದ.

"ಸೆಟ್ ಲೇ. ಚಲೋ ಐತಿಲ್ಲ?"

"ಐತಿ" ಅಂದ ಸುಹಾಸ. "ಮುಚ್ಚಿ ಇಟ್ಟೇನಿ."

ಫೋನ್ ಇಟ್ಟ ಮೇಲೆ ಮಾಂತೇಶನ ಮುಖ ನೋಡಬೇಕಿತ್ತು. ಸೀರೆಯನ್ನು ಉಲ್ಟಾ ಮಡಿಸುತ್ತಿದ್ದ, ತಿಳಿಯಲೇ ಇಲ್ಲ ಅವನಿಗೆ. ನಾನು ಬಾಯಿ ಬಿಡಲಿಲ್ಲ. ಸುಹಾಸ ತಾನೇ ಹೇಳುತ್ತೇನೆ ಅಂದಿದ್ದ ಸುದ್ದಿ ಅದು. ನನ್ನದಲ್ಲ.

ಯಾಕೆ ಸುಳ್ಳು ಹೇಳಿದ? ಗೊತ್ತಿಲ್ಲ. ವರದಿಗಾರ ಇನ್ನೊಬ್ಬರ ಮನಸ್ಸಿನೊಳಗಿನದ್ದನ್ನು ಬರೆಯಬಾರದು.

ಮರುದಿನ ಬೆಳಗ್ಗೆ ಸುಹಾಸನ ಫೋನ್. ರಾತ್ರಿ ನಿದ್ದೆ ಮಾಡಿದ ದನಿ ಅಲ್ಲ. ನಂದಗಡದವರನ್ನು ವಾಪಸ್ ಕೇಳಿದ್ದನಂತೆ. ಸಾಲಾಗಿ ಲಗ್ನಗಳನ್ನು ಹಿಡಿದಿದ್ದಾರೆ, ಹೆಸರು ಬರೆಸಿದ್ದಾರೆ, ಕೊಡುವುದಿಲ್ಲ ಅಂದರಂತೆ. ಅವರದೇನು ತಪ್ಪು? ಮಾಂತೇಶನಿಗೆ ಹೇಳಿದೆಯಾ ಎಂದು ಕೇಳಿದೆ. ಇಲ್ಲ. ನೀವೇ ಹೇಳಿಬಿಡಿ ಅಂದ. ಆಗುವುದಿಲ್ಲ ಅಂದೆ.

"ಹಂಗಾರ ಪೇಪರಿನ್ಯಾಗ ಬರೀರಿ ದಾದಾ. ಅಂವ ನಿಮ್ಮ ಕಾಲಂ ಬಿಡದ ಓದ್ತಾನ. ಶೆಡ್ಡಿನ್ಯಾಗ ಕಾರ್ಯಕ್ರಮ ಅಂತ ಅಂವ ಅಷ್ಟ ಖುಷೀಲಿ ಅಂದ, ನನ್ನ ಬಾಯಿಲೆ ಬರ್ಲೇ ಇಲ್ಲ."

ಪೂರ್ತಿ ಬರೆಯಲೇ ಎಂದು ಕೇಳಿದೆ. ಗೊತ್ತಿದ್ದವರನ್ನೇ ಎರಡು ಸಲ ಕೇಳಬೇಕಲ್ಲ, ಇನ್ನೊಮ್ಮೆ ಕೇಳಿದೆ.

"ಪೂರ್ತಿ ಬರೀರಿ" ಅಂದ. "ಕನ್ನಡ ಅಕ್ಷರದಾಗ ಬರೀರಿ. ಇಂಗ್ಲಿಷ್ ಅಕ್ಷರ ಬ್ಯಾಡ."

ಬರೆದಿದ್ದೇನೆ. ಮಾಂತೇಶ, ಡ್ರಮ್ಸ್ ಶೆಡ್ಡಿನಲ್ಲಿಲ್ಲ, ನಂದಗಡದಲ್ಲಿದೆ. ಅದರ ಮೇಲಿನ ನಿಮ್ಮ ಬ್ಯಾಂಡಿನ ಹೆಸರು ಈಗ ಬಣ್ಣದ ಕೆಳಗಿದೆ. ಸುಹಾಸ ಮಾತ್ರ ಎಲ್ಲಿಗೂ ಹೋಗಿಲ್ಲ. ಈ ಮಾತು ನಿನಗೆ ಫೋನಿನಲ್ಲಿ ಬರಬೇಕಿತ್ತು, ಚಹಾ ಪೇಪರ್ ಹೊತ್ತಿನಲ್ಲಿ ಹೀಗೆ ಅಚ್ಚಾಗಿ ಬರಬಾರದಿತ್ತು.

ಖಾಸಬಾಗದಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ತಾಸು. ಎರಡು ಭಾಷೆ ಬಲ್ಲ ಇಬ್ಬರು ಗೆಳೆಯರಿಗೆ ಅಷ್ಟು ದೂರ ದಾಟಲು ಒಂದು ಪೇಪರ್ ಯಾಕೆ ಬೇಕಾಯಿತು?